ಕೀಲಕ್ಕನ ಊರಿಗೆ ಕಾರ್ಖಾನೆ ಬಂದದ್ದು

ಕನ್ನಡಕದ ಮುಂಭಾಗವನ್ನೂ ಕಿವಿಯ ಮೇಲೆ ಕೂರುವ ಕಡ್ಡಿಯನ್ನೂ ಕೂಡಿಸುವ ಪುಟ್ಟ ಕೀಲೊಂದು ಇರುತ್ತದೆ. ಅದನ್ನು ಮಾಡುತ್ತಿದ್ದುದರಿಂದ ಆಕೆಗೆ ಕೀಲಕ್ಕ ಎಂದು ಹೆಸರು ಬಿದ್ದಿತ್ತು. ಹೆತ್ತವರು ಇಟ್ಟ ಹೆಸರು ಬ್ಯಾಂಕಿನವರಿಗೂ ಗಂಡನಿಗೂ ಮಾತ್ರ ನೆನಪಿತ್ತು. ಗಂಡನೂ ಅದನ್ನು ಹಿಡಿದು ಕರೆಯುತ್ತಿದ್ದುದು ಜಗಳದ ದಿನ ಮಾತ್ರ.

ಅವರದು ನಡುತರದ ಊರು. ಹಳ್ಳಿ ಎಂದರೆ ಸಿಟ್ಟು ಬರುವಷ್ಟು ದೊಡ್ಡದು, ಮಹಾನಗರ ಎಂದರೆ ನಗು ಬರುವಷ್ಟು ಚಿಕ್ಕದು. ರೈಲು ನಿಲ್ದಾಣದ ಹಿಂದಿನ ಉದ್ದನೆಯ ಬೀದಿಯಲ್ಲೂ ಅದರ ಅಡ್ಡ ಓಣಿಗಳಲ್ಲೂ ಕನ್ನಡಕದ ಕೆಲಸ ನಡೆಯುತ್ತಿತ್ತು. ಒಂದು ಮನೆಯಲ್ಲಿ ಪ್ಲಾಸ್ಟಿಕ್ ಹಾಳೆ ಕೊರೆದು ಚೌಕಟ್ಟು ತೆಗೆಯುವವರು, ಎದುರು ಮನೆಯಲ್ಲಿ ಲೋಹಕ್ಕೆ ಹೊಳಪಿನ ಗಿಲೀಟು ಹಾಕುವವರು. ಮೂಲೆಯ ಶೆಡ್ಡಿನಲ್ಲಿ ಮರದ ಚೂರು ತುಂಬಿದ ಪೀಪಾಯಿಗಳು ಚೌಕಟ್ಟುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಹಗಲೆಲ್ಲ ಉರುಳಿ ಉರುಳಿ ನುಣುಪು ಮಾಡುತ್ತಿದ್ದವು. ಹೊಸಬರು ಆ ಬೀದಿಗೆ ಕಾಲಿಟ್ಟರೆ, ಎಲ್ಲೋ ಯಾರೋ ಕಾಳು ಕೇರುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು.

ಕೀಲಕ್ಕನ ಕಾರ್ಯಾಗಾರ ಎಂದರೆ ಬೀದಿಗೆ ಬಾಗಿಲು ತೆರೆದ ಒಂದು ಉದ್ದ ಕೋಣೆ. ಕಿಟಕಿಯ ಕೆಳಗೆ ಬೆಂಚು, ಬೆಂಚಿನ ಮೇಲೆ ಸಾಲಾಗಿ ದೀಪಗಳು, ಅರ, ಚಿಮಟ, ಎಣ್ಣೆಯ ಬಟ್ಟಲು. ಕೆಲಸಕ್ಕಿದ್ದವರು ಬೆರಳೆಣಿಕೆಯಷ್ಟು ಜನ. ಅವರಲ್ಲಿ ಎಲ್ಲರೂ ಎಡಚಿ ಎಂದು ಕರೆಯುತ್ತಿದ್ದ ಹೆಂಗಸು ಕೀಲಕ್ಕನ ಬಲಗೈ. ಎಡಗೈಯವಳು ಬಲಗೈ ಆದದ್ದೇ ಆ ಬೀದಿಯ ಹಳೆಯ ತಮಾಷೆ. ಕೀಲು ಸರಿಯಿದ್ದರೆ, ಕಡ್ಡಿಯನ್ನು ಅರ್ಧ ಬಿಚ್ಚಿ ಕೈಬಿಟ್ಟಾಗ ಅದು ಇದ್ದಲ್ಲೇ ನಿಲ್ಲಬೇಕು. ತಾನಾಗಿ ಬಿದ್ದರೆ ಕೀಲು ಸಡಿಲ, ತಳ್ಳಬೇಕಾಗಿ ಬಂದರೆ ಬಿಗಿ. ಎಡಚಿ ಮುಟ್ಟಿದ ಕೀಲನ್ನು ಕೀಲಕ್ಕ ಮತ್ತೆ ಪರೀಕ್ಷೆ ಮಾಡುತ್ತಿರಲಿಲ್ಲ. ಕೆಲಸ ಕಲಿಸಿದವಳು ತಾನೇ ಎಂಬ ಹೆಮ್ಮೆ ಅವಳಿಗೆ ಒಳಗೊಳಗೇ ಇತ್ತು.

ಒಂದು ದಿನ ತಂಗಿಯ ಫೋನು ಬಂತು. ಕೀಲಕ್ಕನಿಗೆ ಇದ್ದವಳು ಅವಳೊಬ್ಬಳೇ ತಂಗಿ. ತಾಯಿ ಬೇಗ ತೀರಿಕೊಂಡಿದ್ದರಿಂದ ಅವಳ ಜಡೆ ಹೆಣೆದು ಶಾಲೆಗೆ ಕಳಿಸಿದವಳೂ, ಓದಲು ರಾಜಧಾನಿಯ ರೈಲು ಹತ್ತಿಸಿದವಳೂ ಅಕ್ಕನೇ. ಈಗ ಅವಳು ಅಲ್ಲೇ, ಹೊಸ ಕಾರ್ಖಾನೆ ಎಲ್ಲಿ ಕಟ್ಟಬೇಕು ಎಂದು ದೊಡ್ಡ ಕಂಪನಿಗಳಿಗೆ ಸಲಹೆ ಕೊಡುವ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಳು. 

"ಅಕ್ಕ, ಆಫೀಸಿನ ಕೆಲಸದ ಮೇಲೆ ನಿಮ್ಮೂರಿಗೇ ಬರ್ತಿದೀನಿ. ಹೋಟೆಲಲ್ಲಿ ರೂಮು ಮಾಡಿದಾರೆ."

"ನಿಮ್ಮೂರು ಅಂತೆ," ಎಂದಳು ಕೀಲಕ್ಕ. "ಯಾವಾಗಿಂದ ಅದು ನಮ್ಮೊಬ್ರದೇ ಊರಾಯ್ತು? ರೂಮು ಬೇಡ ಅನ್ನು. ಅಕ್ಕನ ಮನೆ ಎದುರಿಗಿಟ್ಕೊಂಡು ಹೋಟೆಲಲ್ಲಿ ಮಲಗಿದ್ರೆ ಜನ ನನ್ನ ಮುಖಕ್ಕೆ ಉಗೀತಾರೆ."

ತಂಗಿ ಬಂದಳು. ಕೈಯಲ್ಲೊಂದು ಸಣ್ಣ ಪೆಟ್ಟಿಗೆ, ಮೂಗಿನ ಮೇಲೆ ಆ ಬೀದಿಯಲ್ಲಿ ಮಾಡಿದ್ದಲ್ಲದ ಕನ್ನಡಕ. ಕೀಲಕ್ಕ ಮೊದಲು ನೋಡಿದ್ದು ಕನ್ನಡಕವನ್ನು, ಆಮೇಲೆ ಮುಖವನ್ನು.

ಊಟಕ್ಕೆ ಕೂತಾಗ ಸಂಗತಿ ಹೊರಬಿತ್ತು. ಕನ್ನಡಕ ತಯಾರಿಸುವ ಒಂದು ಭಾರಿ ಕಂಪನಿ ಹೊಸ ಕಾರ್ಖಾನೆ ಕಟ್ಟಲು ಹೊರಟಿದೆ. ಕೆಲವು ಊರುಗಳ ಹೆಸರು ಅವರ ಮುಂದಿವೆ, ಅವುಗಳಲ್ಲಿ ಇದೂ ಒಂದು. ಯಾವುದು ತಕ್ಕದ್ದು, ಏಕೆ ಎಂದು ನೋಡಿ ಹೇಳುವುದು ತಂಗಿಯ ಕೆಲಸ.

"ನಾನು ಕೇಳಿ ತಗೊಂಡಿದ್ದಲ್ಲ," ಎಂದಳು ತಂಗಿ. "ಅದು ನಾನು ಹುಟ್ಟಿದ ಊರು ಅಂತಾನೂ ಹೇಳ್ದೆ. ಹಾಗಾದ್ರೆ ದಾರಿ ಕೇಳೋ ಶ್ರಮ ಉಳೀತು ಅಂದ್ರು."

ಕೀಲಕ್ಕನ ಗಂಡ ಊರಿನ ನೀರು ಸರಬರಾಜು ಕಚೇರಿಯಲ್ಲಿದ್ದ. ಅವನಿಗೆ ಯಾವ ಪ್ರಶ್ನೆಗೂ ಉತ್ತರ ನೀರಿನಲ್ಲೇ ಸಿಗುತ್ತಿತ್ತು. 

"ಇದಕ್ಕೆ ಅಷ್ಟೊಂದು ಯಾಕೆ ಯೋಚನೆ? ನಮ್ಮ ನೀರಲ್ಲಿ ಸುಣ್ಣ ಇಲ್ಲ. ಗಿಲೀಟು ಕನ್ನಡಿ ಥರ ಕೂರುತ್ತೆ. ನೀರಿಲ್ದೆ ಇದ್ರೆ ಈ ಕಸುಬು ಇಲ್ಲಿಗೆ ಬರ್ತಾನೇ ಇರ್ಲಿಲ್ಲ."

"ಭಾವ, ಪಕ್ಕದ ಊರಿಗೂ ಅದೇ ಹೊಳೆ ನೀರು ತಾನೆ?"

"ಅವರು ಕುಡಿದು ಮುಗಿಸ್ತಾರೆ. ನಾವು ಉಪಯೋಗಿಸ್ತೀವಿ," ಎಂದ ಅವನು, ಸ್ವಲ್ಪವೂ ಅಂಜದೆ.

ತಂಗಿ ನಕ್ಕಳು. ಕೀಲಕ್ಕ ನಗಲಿಲ್ಲ. ಬಡಿಸುವ ಸೌಟು ಕೈಯಲ್ಲೇ ಇತ್ತು.

ಮರುದಿನ ತಂಗಿ, ಈ ಕಸುಬು ಇಲ್ಲೇ ಬೇರೂರಿದ್ದು ಏತರಿಂದ ಎಂದು ಕೇಳುತ್ತ ಊರು ಸುತ್ತಿದಳು. ರೈಲ್ವೆಯವರು ರೈಲಿನಿಂದ ಎಂದರು. ವಿದ್ಯುತ್ ಕಚೇರಿಯವರು ಕರೆಂಟಿನಿಂದ ಎಂದರು. ತಾಂತ್ರಿಕ ಶಾಲೆಯ ಮೇಷ್ಟ್ರು ಶಾಲೆಯಿಂದ ಎಂದರು. ಶಾಲೆ ಶುರುವಾದದ್ದು ಕಸುಬು ಬಂದು ಎಷ್ಟೋ ಕಾಲದ ಮೇಲೆ ಎಂದಾಗ, "ಅದೂ ನಿಜವೇ," ಎಂದು ತಲೆದೂಗಿದರು. ಒಬ್ಬೊಬ್ಬರೂ ತಮ್ಮ ಹಿತ್ತಲನ್ನೇ ತೋರಿಸಿದರು.

ಸಂಜೆ ಅಕ್ಕತಂಗಿಯರು ಹಳೇ ಯಜಮಾನರ ಮನೆಗೆ ಹೋದರು. ಆ ಬೀದಿಯ ಮೊದಲ ಕನ್ನಡಕದ ಮಳಿಗೆ ಹಾಕಿದವರ ಮಗ ಅವರು; ಕೀಲಕ್ಕ ಹುಡುಗಿಯಾಗಿದ್ದಾಗ ಅರ ಹಿಡಿಯಲು ಕಲಿತದ್ದು ಅವರಲ್ಲೇ. ಈಗ ಬಹಳ ಹಣ್ಣಾಗಿದ್ದರು. ಜಗಲಿಯ ಕುರ್ಚಿಯಲ್ಲಿ, ತಾವೇ ಮಾಡಿದ ದಪ್ಪ ಚೌಕಟ್ಟಿನ ಕನ್ನಡಕ ಹಾಕಿಕೊಂಡು ಕೂತಿದ್ದರು.

"ನೀರೂ ಅಲ್ಲ, ರೈಲೂ ಅಲ್ಲ," ಎಂದರು ಅವರು. "ನಮ್ಮಪ್ಪ ಮಳಿಗೆ ಹಾಕ್ಬೇಕು ಅಂತ ರಾಜಧಾನಿಲಿ ಜಾಗ ನೋಡಿಟ್ಟಿದ್ದ. ನಮ್ಮಮ್ಮ ಈ ಊರಿನೋಳು. ತವರು ಬಿಟ್ಟು ಬರಲ್ಲ ಅಂತ ಹಟ ಹಿಡಿದ್ಲು. ಅಪ್ಪ ಕೂಗಾಡಿದ, ಊಟ ಬಿಟ್ಟ, ಕೊನೆಗೆ ಸಾಮಾನು ಕಟ್ಕೊಂಡು ಇಲ್ಲಿಗೇ ಬಂದ. ಅಷ್ಟೇ ಕಾರಣ. ಇದನ್ನ ಬರ್ಕೊಳಮ್ಮ, ಹೆಂಡತಿ ಮಾತು ಕೇಳಿದ ಅಂತ."

"ಬಂದಿದ್ದಕ್ಕೆ ಕಾರಣ ಆಯ್ತು. ಇಷ್ಟು ಕಾಲ ನಿಂತಿದ್ದಕ್ಕೆ?" ಎಂದಳು ತಂಗಿ.

ಮುದುಕರು ಕೀಲಕ್ಕನ ಕಡೆ ಕೈ ತೋರಿಸಿದರು. "ಇವಳಂಥೋರು. ಕೆಲಸ ಕಲೀತಾರೆ, ರೆಕ್ಕೆ ಬಲಿಯುತ್ತೆ, ಎದುರಿಗೇ ಬಾಗಿಲು ತೆಗೀತಾರೆ. ಮೊದಮೊದಲು ನಮ್ಮಪ್ಪ ಬೈದ. ಆಮೇಲೆ ನೋಡ್ತಾನೆ, ಸ್ಕ್ರೂ ಬೇಕಾ, ರಸ್ತೆ ದಾಟಿದ್ರೆ ಸ್ಕ್ರೂ. ಗಿಲೀಟಿನವನಿಗೆ ಜ್ವರ ಬಂತಾ, ಇನ್ನೊಬ್ಬ ಗಿಲೀಟಿನವನು. ಬೈಯ್ತಾ ಬೈಯ್ತಾನೇ ಅವರಿಗೆ ಕೆಲಸ ಕೊಟ್ಟ. ಇವಳು ಬಿಟ್ಟು ಹೋದಾಗ ನಾನೂ ಬೈದಿದ್ದೆ, ಇಲ್ವೇನೇ?"

"ಬೈದ್ರಿ," ಎಂದಳು ಕೀಲಕ್ಕ. "ಚೆನ್ನಾಗೇ ಬೈದ್ರಿ."

ಅದರ ಮರುದಿನ ತಂಗಿ ಕಾರ್ಯಾಗಾರದಲ್ಲೇ ಕೂತಳು. ಬೆಳಿಗ್ಗೆ ಒಬ್ಬ ವ್ಯಾಪಾರಿ ಬಂದು, ಮಕ್ಕಳ ಕನ್ನಡಕಕ್ಕೆ ಹಿಂದಕ್ಕೂ ಬಾಗುವ ಕಡ್ಡಿ ಬೇಕು ಎಂದು ಕಾಗದದ ಮೇಲೆ ಏನೋ ಗೀಚಿ ತೋರಿಸಿದ. ಎಡಚಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಒಳಗೊಂದು ಸ್ಪ್ರಿಂಗು ಬೇಕಲ್ಲಕ್ಕಾ," ಎಂದು ಚಪ್ಪಲಿ ಮೆಟ್ಟಿ ಹೋದಳು. ಓಣಿಯ ಕೊನೆಯ ಸ್ಪ್ರಿಂಗಿನವನಲ್ಲಿಂದ ಕೂದಲಿನಷ್ಟು ತೆಳ್ಳಗಿನದೊಂದನ್ನು ತಂದಳು. ಕೀಲಕ್ಕ ಅರ ಹಿಡಿದಳು. ಮೊದಲನೆಯದು ಮುರಿಯಿತು, ಎರಡನೆಯದು ನೆಟ್ಟಗೆ ಕೂರಲಿಲ್ಲ. ಎಲ್ಲರೂ ಊಟಕ್ಕೆ ಮನೆಗೆ ಹೋಗಿ ಬಂದರು. ಎಲ್ಲರ ಮನೆಯೂ ನಡೆದು ಹೋಗುವಷ್ಟು ಹತ್ತಿರ. ಸಂಜೆ ಹೊತ್ತಿಗೆ ಮೂರನೆಯದು ಗಿಲೀಟಿನ ಮನೆಗೆ ಹೋಗಿ ಹೊಳೆಯುತ್ತ ಬಂದು ವ್ಯಾಪಾರಿಯ ಕೈ ಸೇರಿತು. ಅವನು ಕಡ್ಡಿಯನ್ನು ಹಿಂದಕ್ಕೆ ಬಾಗಿಸಿ ಬಿಟ್ಟ. ಅದು ಟಕ್ ಎಂದು ಜಾಗಕ್ಕೆ ಬಂತು.

ತಂಗಿ ಎಲ್ಲವನ್ನೂ ನೋಡುತ್ತಿದ್ದಳು. ರಾಜಧಾನಿಯಲ್ಲಾದರೆ ಇಷ್ಟಕ್ಕೇ ವಾರಗಳು ಹಿಡಿಯುತ್ತಿದ್ದವು; ಸ್ಪ್ರಿಂಗಿನವನು ಒಂದು ದಿಕ್ಕಿಗೆ, ಗಿಲೀಟಿನವನು ಇನ್ನೊಂದು ದಿಕ್ಕಿಗೆ, ನಡುವೆ ವಾಹನಗಳ ಸಮುದ್ರ. ಹಳ್ಳಿಯಲ್ಲಾದರೆ ಸ್ಪ್ರಿಂಗಿನವನೇ ಇರುತ್ತಿರಲಿಲ್ಲ. ಅವಳು ಕಲಿತ ವಿದ್ಯೆಯಲ್ಲಿ ಇದಕ್ಕೆಲ್ಲ ಉದ್ದುದ್ದ ಹೆಸರುಗಳಿದ್ದವು. ಇಲ್ಲಿ ಅದಕ್ಕೆ ಎದುರು ಮನೆ ಎಂದು ಹೆಸರು.

ಕೆಲಸದವರು ಹೋದ ಮೇಲೆ ಕೀಲಕ್ಕ ದೀಪಗಳನ್ನು ಒಂದೊಂದಾಗಿ ಆರಿಸಿದಳು. ಕೊನೆಯದನ್ನು ಹಾಗೇ ಬಿಟ್ಟು ತಂಗಿಯ ಎದುರು ಕೂತಳು.

"ಏನು ಬರೀತೀಯ, ಪುಟ್ಟಿ?"

"ನೋಡಿದ್ದು ಬರೀಬೇಕು."

"ಅಂದ್ರೆ, ಈ ಊರಲ್ಲಿ ಕೆಲಸ ಗೊತ್ತಿರೋ ಜನ ಸಿಗ್ತಾರೆ ಅಂತ."

"ಹೌದು. ಅದೇ ತಾನೆ ನಿಜ?"

"ಆ ಜನ ಅಂದ್ರೆ ಯಾರು? ಎಡಚಿ. ಆಚೆ ಮನೆ ಗಿಲೀಟಿನವನ ಮಗ. ಅವರನ್ನ ಕಂಪನಿ ಕೂಲಿ ಜಾಸ್ತಿ ಕೊಟ್ಟು ಎತ್ಕೊಂಡು ಹೋಗುತ್ತೆ. ಗೆದ್ದಲು ಕಷ್ಟಪಟ್ಟು ಹುತ್ತ ಕಟ್ಟುತ್ತೆ, ಹಾವು ಬಂದು ಸೇರ್ಕೊಳ್ಳುತ್ತೆ. ಹಾವಿಗೆ ದಾರಿ ತೋರ್ಸೋಳು ನನ್ನ ತಂಗಿ."

"ಅಕ್ಕ, ಎಡಚಿ ಹುತ್ತ ಅಲ್ಲ, ಮನುಷ್ಯಳು. ಹೋಗ್ಬೇಕಾ ಬೇಡ್ವಾ ಅಂತ ಅವಳೇ ಹೇಳ್ತಾಳೆ. ನೀನು ಯಜಮಾನ್ರನ್ನ ಬಿಟ್ಟು ಬಂದಾಗ ನಿನ್ನ ಯಾರಾದ್ರೂ ತಡೆದ್ರಾ?"

"ನಾನು ರಸ್ತೆ ದಾಟಿ ಬಂದೆ. ಅವರ ಹೊಟ್ಟೆ ಮೇಲೆ ಹೊಡೀಲಿಲ್ಲ." ಕೀಲಕ್ಕನ ದನಿ ಏರಲಿಲ್ಲ. "ಬೇರೆ ಊರು ಬರಿ. ನಿನಗೇನು, ನಾಕು ಅಕ್ಷರದ ಹೆಸರು ಬದಲಾಯಿಸೋದು."

ಅಕ್ಕಿಯ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಎನ್ನುತ್ತಾರಲ್ಲ, ತಂಗಿಯ ಸ್ಥಿತಿ ಹಾಗಾಗಿತ್ತು. ಬೆಳಿಗ್ಗೆ ರೈಲು ಹತ್ತುವಾಗ ಭಾವ ಪೆಟ್ಟಿಗೆ ಎತ್ತಿಕೊಟ್ಟ. ಅಕ್ಕ ನಿಲ್ದಾಣಕ್ಕೆ ಬಂದಿರಲಿಲ್ಲ.

ಮುಂದಿನ ವರ್ಷ ಊರ ಹೊರಗಿನ ಹೆದ್ದಾರಿಯ ಪಕ್ಕದಲ್ಲಿ ಕಾರ್ಖಾನೆ ಎದ್ದಿತು. ಬಿಳಿ ಗೋಡೆ, ಉದ್ದ ಗಾಜಿನ ಕಿಟಕಿಗಳು, ಕೆಲಸದವರನ್ನು ಕರೆತರಲು ಬಸ್ಸು. ಊರಿನವರು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ ಬೇಲಿಯ ಹೊರಗೆ ನಿಂತು ನೋಡಿಬಂದರು. ಕೀಲಕ್ಕ ಆ ದಾರಿಗೇ ಹೋಗಲಿಲ್ಲ. ತಂಗಿಗೆ ಫೋನು ಮಾಡುವುದನ್ನೂ ಬಿಟ್ಟಳು. ತಂಗಿಯೇ ಮಾಡಿದರೆ ಗಂಡನ ಕೈಗೆ ಕೊಡುತ್ತಿದ್ದಳು. ಅವನು ಊರಿನ ನೀರಿನ ಮಟ್ಟವನ್ನೆಲ್ಲ ವಿವರವಾಗಿ ಹೇಳಿ, "ನಿಮ್ಮಕ್ಕ ಚೆನ್ನಾಗಿದಾಳೆ, ಮುಖ ಮಾತ್ರ ದಪ್ಪ," ಎಂದು ಮುಗಿಸುತ್ತಿದ್ದ.

ಒಂದು ಮಧ್ಯಾಹ್ನ ಎಡಚಿ ಊಟದಿಂದ ಬೇಗ ಬಂದು ಬೆಂಚಿನ ಬಳಿ ನಿಂತಳು. ಏನು ಹೇಳಲು ಬಂದಿದ್ದಾಳೆಂದು ಕೀಲಕ್ಕನಿಗೆ ಅವಳ ನಿಲುವಿನಲ್ಲೇ ತಿಳಿಯಿತು.

"ಅಕ್ಕಾ, ಅಮ್ಮನಿಗೆ ಹುಷಾರಿಲ್ಲ ಅಂತ ನಿಮಗೆ ಗೊತ್ತಲ್ಲ. ಅಲ್ಲಿ ಆಸ್ಪತ್ರೆ ಖರ್ಚು ಕಂಪನಿನೇ ನೋಡ್ಕೊಳ್ಳುತ್ತಂತೆ."

ಹೇಳಬೇಕೆಂದು ಕೀಲಕ್ಕ ಎಷ್ಟೋ ಮಾತು ಕೂಡಿಟ್ಟಿದ್ದಳು. ಅವು ಯಾವುವೂ ಆಸ್ಪತ್ರೆಯ ಮಾತಿಗೆ ಹೊಂದುವಂತಿರಲಿಲ್ಲ. 

"ಅಲ್ಲಿ ಬೆಂಚು ಬಲಗೈಯೋರಿಗೆ ಮಾಡಿರ್ತಾರೆ," ಎಂದಳು. "ದೀಪ ಆ ಕಡೆಗೆ ತಿರುಗ್ಸಿಕೊಡಿ ಅಂತ ಮೊದಲ ದಿನಾನೇ ಕೇಳು. ನಾಚ್ಕೋಬೇಡ."

ಎಡಚಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ಹೋದ ಮೇಲೆ ಕೀಲಕ್ಕ ಹೊಸ ಕೀಲು ಕೈಗೆತ್ತಿಕೊಂಡು ಅರದಿಂದ ಉಜ್ಜುತ್ತ ಕೂತಳು. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ, ಉಜ್ಜಿ ಉಜ್ಜಿ ಅದರಲ್ಲಿ ಕೀಲೆನ್ನುವುದೇ ಉಳಿದಿರಲಿಲ್ಲ.

ಆ ವರ್ಷ ಕಷ್ಟವಾಯಿತು. ಇನ್ನಿಬ್ಬರು ಹೋದರು. ತಾಂತ್ರಿಕ ಶಾಲೆಯಿಂದ ಬಂದ ಹೊಸಬರಲ್ಲಿ ಒಬ್ಬಳು ಚುರುಕು. ಇನ್ನೊಬ್ಬ ಬಲು ಒಳ್ಳೆಯವನು, ಆದರೆ ಕೈಗೆ ಕೊಟ್ಟದ್ದು ನೆಲದಲ್ಲೇ ಇರುತ್ತಿತ್ತು. ಬೆರಳ ತುದಿಯಷ್ಟು ಸಾಮಾನಿಗಾಗಿ ಎಲ್ಲರೂ ಮಂಡಿಯೂರಿ ಹುಡುಕುವುದೇ ದಿನದ ಅರ್ಧ ಕೆಲಸವಾಯಿತು. ಕೀಲಕ್ಕ ಬೈದಳು, ಕಲಿಸಿದಳು, ಮತ್ತೆ ಬೈದಳು. ಹಳೇ ಯಜಮಾನರು ಆ ಚಳಿಯಲ್ಲಿ ತೀರಿಕೊಂಡರು. ಬೀದಿಯವರೆಲ್ಲ ಬಾಗಿಲು ಹಾಕಿಕೊಂಡು ಮಣ್ಣಿಗೆ ಹೋದರು. ಮೂಲೆಯ ಪೀಪಾಯಿಗಳೂ ಅಂದು ನಿಂತಿದ್ದವು. ಅವುಗಳ ಸದ್ದು ಎಷ್ಟು ದೊಡ್ಡದಿತ್ತು ಎಂದು ಊರಿಗೆ ಗೊತ್ತಾದದ್ದು ಅವತ್ತೇ.

ಮಳೆಗಾಲ ಮುಗಿಯುವ ಹೊತ್ತಿಗೆ ಕಾರ್ಖಾನೆಯ ಮ್ಯಾನೇಜರು ಕಾರ್ಯಾಗಾರಕ್ಕೆ ಬಂದ. ಎತ್ತರದ ಮನುಷ್ಯ, ಬಾಗಿಲಲ್ಲಿ ಬಗ್ಗಿ ಒಳಗೆ ಬಂದ. ಅವರ ಯಂತ್ರ ಒಂದೇ ಥರದ ಕೀಲನ್ನು ಲಕ್ಷಗಟ್ಟಲೆ ಮಾಡುತ್ತದೆ. ಆದರೆ ಹೊಸ ಮಾದರಿಗಳಿಗೆ ಸ್ವಲ್ಪಸ್ವಲ್ಪವೇ ಬೇಕಾದ ಕೀಲಿಗಾಗಿ ಅದನ್ನು ನಿಲ್ಲಿಸಿ ಬದಲಿಸುವುದು ಅವರಿಗೆ ಗಿಟ್ಟುವುದಿಲ್ಲ.

"ನಿಮ್ಮ ಹೆಸರು ಹೇಳಿದ್ದು ನಮ್ಮಲ್ಲಿರೋ ಎಡಗೈ ಅಮ್ಮ," ಎಂದ ಅವನು.

ಅವನು ಕೇಳಿದಷ್ಟು ಕೀಲು ಮಾಡಲು ಕೀಲಕ್ಕನೊಬ್ಬಳ ಕೈಯಲ್ಲಿ ಆಗುವಂತಿರಲಿಲ್ಲ. ಅವಳು ಹಾಗೆಂದೇ ಹೇಳಿ, ಎದುರು ಸಾಲಿನಲ್ಲಿ ಕೀಲು ಮಾಡುತ್ತಿದ್ದ ಬೋಳನನ್ನು ಕರೆಸಿದಳು. ಬೋಳನಿಗೂ ಅವಳಿಗೂ ಬಹಳ ಕಾಲದಿಂದ ಮಾತಿಲ್ಲ. ಅವನು ಹೊಸ್ತಿಲಲ್ಲೇ ನಿಂತು, "ನನ್ನ ಕರೆದಿದ್ದು ನಿಜಾನಾ, ಇಲ್ಲ ಯಾರಾದ್ರೂ ಆಟ ಆಡ್ತಿದಾರಾ?" ಎಂದು ಕೇಳಿದ.

"ಒಳಗ್ಬಾ," ಎಂದಳು ಕೀಲಕ್ಕ. "ಕುರ್ಚಿ ಒಂದೇ ಇದೆ, ಅದರಲ್ಲಿ ಸಾಹೇಬ್ರು ಕೂತಿದಾರೆ. ನಿಂತ್ಕೊಂಡೇ ಕೇಳು."

ಕೆಲಸ ಹಂಚಿಕೊಳ್ಳುವ ಮಾತಾಯಿತು. ಚಹಾ ಬಂತು. ಆಗ ಮ್ಯಾನೇಜರು ಗೋಡೆಯ ಮೇಲಿದ್ದ ಅಕ್ಕತಂಗಿಯರ ಹಳೆಯ ಫೋಟೋ ನೋಡಿ, "ಇವರು ಸಲಹಾ ಕಚೇರಿ ಮೇಡಂ ಅಲ್ವಾ?" ಎಂದ.

"ಹೌದು. ನಿಮ್ಮನ್ನ ಇಲ್ಲಿಗೆ ತಂದೋಳು."

"ಇವರಲ್ಲ," ಎಂದ ಮ್ಯಾನೇಜರು, ಚಹಾ ಹೀರುತ್ತ. "ಇಲ್ಲಿಂದ ಹೋದವರೇ ನಮ್ಮ ಕೆಲಸ ಬಿಟ್ಕೊಟ್ರು. ಅಲ್ಲಿ ನಮ್ಮಕ್ಕ ಇದಾಳೆ, ನಾನು ತೂಕ ಹಾಕೋಕೆ ಆಗಲ್ಲ ಅಂದ್ರು. ಅದಕ್ಕೆ ಬೇರೆಯವರನ್ನ ಕಳಿಸಿದ್ರು. ಆತ ಸುಮ್ನೆ ಬೀದಿಲಿ ಹೋಗ್ತಾ ಹೋಗ್ತಾ ನೋಡಿ, ಇದೇ ಊರು ಅಂದ. ಇವರಿಗೆ ಆಫೀಸಲ್ಲಿ ಅದರಿಂದ ಸ್ವಲ್ಪ ಹಿನ್ನಡೆನೇ ಆಯ್ತು ಅಂತ ಕೇಳಿದೆ."

ಕೀಲಕ್ಕ ಲೋಟವನ್ನು ಬೆಂಚಿನ ಮೇಲಿಟ್ಟಳು. ಬೋಳ ಏನೋ ಹೇಳಲು ಬಾಯಿ ತೆರೆದವನು, ಅವಳ ಮುಖ ನೋಡಿ ಚಹಾ ಕುಡಿಯುವುದೇ ವಾಸಿ ಎಂದುಕೊಂಡ.

ಆ ವಾರಾಂತ್ಯ ಅವಳು ಬೀದಿಯಲ್ಲಿ ಯಾರಿಗೂ ಹೇಳದೆ ರಾಜಧಾನಿಯ ರೈಲು ಹತ್ತಿದಳು. ಗಂಡನಿಗೆ ಮಾತ್ರ ಹೇಳಿದಳು. ಅವನು ದಾರಿಗೆಂದು ಎರಡು ಬಾಟಲಿ ನೀರು ತುಂಬಿಕೊಟ್ಟ. ತಂಗಿಯ ಮನೆಗೆ ಅವಳು ಹೋಗುತ್ತಿದ್ದುದು ಅದೇ ಮೊದಲು. ನಿಲ್ದಾಣದಿಂದ ಬಸ್ಸು, ಆ ಬಸ್ಸಿನಿಂದ ಇನ್ನೊಂದು ಬಸ್ಸು, ಕೊನೆಗೆ ಒಂದೇ ಥರದ ಕಟ್ಟಡಗಳ ನಡುವೆ ಹುಡುಕಾಟ. ಮೆಟ್ಟಿಲು ಹತ್ತಿ ಬಾಗಿಲು ತಟ್ಟುವಷ್ಟರಲ್ಲಿ ಉಸಿರು ಮೇಲೆ ಬಂದಿತ್ತು.

ತಂಗಿ ಬಾಗಿಲು ತೆರೆದು, ಅಕ್ಕನನ್ನು ನೋಡಿ, "ಭಾವ ಹುಷಾರಾಗಿದಾರಾ?" ಎಂದಳು ಗಾಬರಿಯಿಂದ.

"ಅವರಿಗೇನು, ನೀರಿದ್ದಲ್ಲಿ ಮೀನಿದ್ದಂಗೆ ಇದಾರೆ. ಮೊದಲು ಕೂರೋಕೆ ಜಾಗ ಕೊಡು."

ಕೂತದ್ದು ಅಡುಗೆಮನೆಯ ಮೇಜಿನ ಬಳಿ. ಮನೆಯಲ್ಲಿ ಬೇರೆ ಜಾಗವೂ ಇರಲಿಲ್ಲ. ಕಿಟಕಿಯಾಚೆ ಇನ್ನೊಬ್ಬರ ಕಿಟಕಿ. ಕೀಲಕ್ಕ ಸೀದಾ ವಿಷಯಕ್ಕೆ ಬಂದಳು.

"ಬರೆದಿದ್ದು ನೀನಲ್ಲವಂತೆ. ಯಾಕೆ ಹೇಳ್ಲಿಲ್ಲ?"

ತಂಗಿ ಮೇಜಿನ ಅಂಚನ್ನು ಸವರಿದಳು. "ಹೇಳಿದ್ರೆ ಏನಾಗ್ತಿತ್ತು? ಕಾರ್ಖಾನೆ ಹೇಗೂ ಬರ್ತಿತ್ತು. ಎಡಚಿ ಹೇಗೂ ಹೋಗ್ತಿದ್ಲು. ನಿನ್ನ ಸಿಟ್ಟಿಗೆ ಇಟ್ಕೊಳ್ಳೋಕೆ ಒಂದು ಜಾಗ ಬೇಕಿತ್ತು. ಗೊತ್ತಿಲ್ದೋರ ಮೇಲೆ ಸಿಟ್ಟು ಮಾಡ್ಕೊಂಡು ಎಷ್ಟು ದಿನ ಇರ್ತೀಯ?"

"ಅದಕ್ಕೆ ನಿನ್ನ ಮೇಲೆ ಇರ್ಲಿ ಅಂತ ಸುಮ್ನಿದ್ಯಾ?"

"ಅದೂ ಅಲ್ಲದೆ," ಎಂದಳು ತಂಗಿ, ಈಗ ತಲೆಯೆತ್ತಿ, "ನಾನು ಬರೆದಿದ್ರೂ ಅದನ್ನೇ ಬರೀತಿದ್ದೆ, ಅಕ್ಕ. ಬರೀದೇ ಬಿಟ್ಟೆ ಅನ್ನೋದು ಧೈರ್ಯ ಅಲ್ಲ. ಒಳ್ಳೇದು ಮಾಡ್ದೆ ಅಂತ ಹೇಳ್ಕೊಳ್ಳೋಕೆ ನನಗೆ ಮನಸ್ಸು ಬರ್ಲಿಲ್ಲ."

ಕೀಲಕ್ಕ ಅದನ್ನು ಅತ್ತ ಇತ್ತ ತಿರುಗಿಸಿ ನೋಡಿದಳು. ಅವಳಿಗೆ ಇನ್ನೂ ಸಿಟ್ಟಿತ್ತು. ಆದರೆ ಅದು ಯಾರ ಮೇಲೆಂದು ಬೆರಳು ತೋರಿಸಿ ಹೇಳುವುದು ಈಗ ಕಷ್ಟವಾಗಿತ್ತು. ಎಡಚಿಯ ತಾಯಿ ಎದ್ದು ಓಡಾಡುತ್ತಿದ್ದಾಳೆ. ತನ್ನ ಬೆಂಚಿನಲ್ಲಿ ಎಡಚಿಯ ದೀಪ ಇನ್ನೂ ಹತ್ತುತ್ತಿಲ್ಲ. ಎರಡೂ ನಿಜವೇ.

"ಒಂದು ವರ್ಷದ ಮೇಲಾಯ್ತು, ನಿನ್ನ ಹತ್ರ ನೆಟ್ಟಗೆ ಮಾತಾಡಿ," ಎಂದಳು ಕೊನೆಗೆ. "ಅದು ಮಾತ್ರ ನನ್ನ ಪೆದ್ದತನ. ಏನಾದ್ರೂ ಅಡುಗೆ ಮಾಡಿದೀಯಾ, ಇಲ್ಲ ಇಲ್ಲಿ ಜನ ಗಾಳಿ ತಿಂದು ಬದುಕ್ತಾರಾ?"

ತಂಗಿಗೆ ನಗು ಬಂತು, ನಗುವಿನ ಹಿಂದೆಯೇ ಕಣ್ಣೂ ತುಂಬಿತು. ಅವಳು ಎದ್ದು ಒಲೆ ಹಚ್ಚಿದಳು. ಕೀಲಕ್ಕ ಚಾಕು ಹುಡುಕಿ ತರಕಾರಿ ಹೆಚ್ಚಲು ಕೂತಳು. ಚಾಕು ಮೊಂಡಾಗಿತ್ತು.

"ಇದನ್ನ ಸಾಣೆ ಹಿಡಿಸೋಕೆ ಇಲ್ಲಿ ಎಲ್ಲಿಗೆ ಹೋಗ್ತೀರ?"

"ಯಾರಿಗ್ಗೊತ್ತು. ಹೊಸದು ತಗೋತೀವಿ."

"ಶಿವನೇ," ಎಂದಳು ಕೀಲಕ್ಕ. ಒಂದು ಪಿಂಗಾಣಿ ಬಟ್ಟಲನ್ನು ಬೋರಲು ಹಾಕಿ, ಅದರ ತಳದ ಒರಟು ಅಂಚಿನ ಮೇಲೆ ಚಾಕುವನ್ನು ಓರೆಯಾಗಿಟ್ಟು ನಿಧಾನವಾಗಿ ಎಳೆಯತೊಡಗಿದಳು. ತಂಗಿ ಒಲೆಯ ಮುಂದೆ ನಿಂತು ಆಫೀಸಿನ ಸಂಗತಿಗಳನ್ನು ಹೇಳಲು ಶುರುಮಾಡಿದಳು. ಮರುದಿನ ಹೊರಡಬೇಕಾಗಿದ್ದ ಅಕ್ಕ ಇನ್ನೂ ಎರಡು ದಿನ ಉಳಿದಳು; ಕಾರ್ಯಾಗಾರದ ಬೀಗದ ಕೈ ಬೋಳನ ಹತ್ತಿರ ಕೊಡಲು ಗಂಡನಿಗೆ ಫೋನಿನಲ್ಲೇ ಹೇಳಿದಳು.